ಬಾಡಿಗೆ ತೀರಿದ ಮೇಲೂ

ಪರಸ್ಥಳದ ಒಂದು ಸಾಧಾರಣ ವಸತಿಗೃಹದಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಬರುತ್ತೇವೆ. ನಮಗೂ ಆ ಮನೆಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತೇ? ಕೊಡಬೇಕಾದುದನ್ನು ಕೊಟ್ಟಾಯಿತು, ಪಡೆಯಬೇಕಾದುದನ್ನು ಪಡೆದಾಯಿತು, ಇನ್ನು ಯಾರಿಗೂ ಯಾರ ಹಂಗೂ ಇಲ್ಲ ಎಂದು ಹೇಳಿಬಿಡಬಹುದೇ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಮಕ್ಕಳ ಪಾಠ, ರೋಗಿಯ ಶುಶ್ರೂಷೆ, ವೃದ್ಧ ತಂದೆತಾಯಿಯರ ಆರೈಕೆ ಇವೆಲ್ಲವೂ ಒಂದೊಂದಾಗಿ ಹಣ ಕೊಟ್ಟು ಪಡೆಯುವ ಸಂಗತಿಗಳಾಗುತ್ತಿರುವ ಈ ದಿನಗಳಲ್ಲಿ, ಲಾಡ್ಜಿನ ಮೇಜಿನ ಮುಂದೆ ಹುಟ್ಟಿದ ಪ್ರಶ್ನೆ ನಮ್ಮನ್ನು ಮನೆಯವರೆಗೂ ಹಿಂಬಾಲಿಸಿಕೊಂಡು ಬರುತ್ತದೆ.

ಪ್ರಶ್ನೆಯನ್ನು ಒಂದು ಊರಿನಲ್ಲಿಟ್ಟು ನೋಡೋಣ. ಮಂಗಳೂರಿನಿಂದ ಸುಮಾರು 50 ಕಿಲೊಮೀಟರ್ ದೂರದ ಕಾರ್ಕಳ ಇದಕ್ಕೆ ತಕ್ಕ ಊರು. ಪೇಟೆಗೆ ಅಂಟಿಕೊಂಡಂತೆಯೇ ಆನೆಕೆರೆ ಇದೆ. ಅರಸರ ಆನೆಗಳನ್ನು ಮೀಯಿಸುತ್ತಿದ್ದ ಕೆರೆಯೆಂದು ಜನ ಹೇಳುತ್ತಾರೆ. ನೀರಿನ ನಡುವೆ ಒಂದು ಬಸದಿ. ತುಸು ಆಚೆ, ಕಲ್ಲುಗುಡ್ಡದ ನೆತ್ತಿಯ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟ. ಅದರ ಎತ್ತರ 40 ಅಡಿಗೂ ಮಿಗಿಲು. ಗೊಮ್ಮಟನಿಗೆ ಎದುರಾಗಿ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿ, 1586ರದು. ಊರಿನಿಂದ ಸ್ವಲ್ಪ ದೂರ ಅತ್ತೂರಿನ ಸಂತ ಲಾರೆನ್ಸರ ದೇವಾಲಯ. 2016ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಗೌರವ ದೊರೆಯಿತು. ಸಂತ ಲಾರೆನ್ಸರ ಹಬ್ಬ ಪಂಚಾಂಗದ ಪ್ರಕಾರ ಆಗಸ್ಟ್ 10ರಂದು. ಅತ್ತೂರಿನ ಜಾತ್ರೆ ನಡೆಯುವುದು ಮಾತ್ರ ಜನವರಿಯಲ್ಲಿ. ಆಗಸ್ಟಿನ ಮಳೆಯಲ್ಲಿ ಕರಾವಳಿಯವರು ಜಾತ್ರೆ ಮಾಡುವುದುಂಟೇ! ಆ ಕೆಲವು ದಿನ ಜಾತಿಮತ ಭೇದವಿಲ್ಲದೆ ಜನಸಾಗರ ಹರಿದುಬರುತ್ತದೆ. ಉಳಿದ ದಿನಗಳಲ್ಲಿ ಇದು ತನ್ನ ಪಾಡಿಗೆ ತಾನಿರುವ ಊರು. ರಾತ್ರಿ ಒಂಬತ್ತಕ್ಕೆ ಅಂಗಡಿಗಳ ಬಾಗಿಲು ಬೀಳುತ್ತದೆ.

ಇಂತಹ ಊರಿನ, ಕೆರೆಯ ಕಡೆಗೆ ಕಿಟಕಿಯಿರುವ ಸಣ್ಣ ಲಾಡ್ಜನ್ನು ನೀವೂ ಕಂಡಿರುತ್ತೀರಿ. (ನಮ್ಮ ಆಡುಮಾತಿನಲ್ಲಿ ಹೋಟೆಲ್ ಎಂದರೆ ತಿನ್ನುವುದಕ್ಕೆ, ಲಾಡ್ಜ್ ಎಂದರೆ ಮಲಗುವುದಕ್ಕೆ, ಎರಡೂ ಒಂದೇ ಸೂರಿನಡಿ ಇದ್ದರೂ ಈ ಭೇದವನ್ನು ನಾವು ಬಿಟ್ಟುಕೊಟ್ಟಿಲ್ಲ.) ಎರಡು ಮಂಚ, ಒಂದು ಬಕೆಟ್ಟು, ಒಂದು ಮಗ್ಗು, ತಿರುಗುವಾಗ ಸದ್ದು ಮಾಡುವ ಪಂಖ, ಬೆಳಿಗ್ಗೆ ಆರರಿಂದ ಎಂಟರವರೆಗೆ ಬಿಸಿನೀರು. ಕೆಳಗಿನ ಹೋಟೆಲಿನಿಂದ ಬನ್ಸ್, ಚಹಾ ತರಿಸಬಹುದು. ಬೆಳಗಿನ ಜಾವ ಕಿಟಕಿ ತೆರೆದರೆ ಕೆರೆಯ ಮೇಲೆ ತೆಳುವಾದ ಮಂಜು, ಅದರಾಚೆ ಮನೆಯನ್ನೂ ಬಟ್ಟೆಯನ್ನೂ ತೊರೆದು ನಿಂತ ಗೊಮ್ಮಟನ ಗುಡ್ಡ. ಸ್ವಂತ ಮನೆಯಾಗಲಿ ಬಾಡಿಗೆಯ ಕೋಣೆಯಾಗಲಿ ಬೇಡವೆಂದವನ ನೆರೆಯಲ್ಲೇ ನಾವು ಬಿಸಿನೀರು ಇನ್ನೂ ಬಂದಿಲ್ಲವೆಂದು ಗೊಣಗುತ್ತಿರುತ್ತೇವೆ.

ಕೋಣೆ ಸಿಗುವ ಮೊದಲು ಒಂದು ಉದ್ದನೆಯ ಪುಸ್ತಕ ತುಂಬಬೇಕು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಉದ್ದೇಶವೇನು, ಎಷ್ಟು ದಿನ. ಧ್ಯಾನಕೂಟಗಳಲ್ಲಿ ಗುರುಗಳು ಕೇಳುವ ಪ್ರಶ್ನೆಗಳೂ ಬಹುತೇಕ ಇವೇ. ಅಲ್ಲಿ ತಡವರಿಸುವ ನಾವು ಇಲ್ಲಿ ಅರೆನಿಮಿಷದಲ್ಲಿ ಗೀಚಿ ಮುಗಿಸುತ್ತೇವೆ. ತಿಥಿಯಿಲ್ಲದೆ ಬರುವವನೇ ಅತಿಥಿ ಎಂದು ಹಿರಿಯರು ಪದವನ್ನು ಬಿಡಿಸಿ ಹೇಳುವುದುಂಟು. ಲಾಡ್ಜಿನ ಪುಸ್ತಕವಾದರೋ ಬರುವ ತಿಥಿ, ಹೋಗುವ ತಿಥಿ ಎರಡನ್ನೂ ಕೇಳುತ್ತದೆ. ಹಾಗಾದರೆ ಲಾಡ್ಜಿಗೆ ಬಂದವನು ಅತಿಥಿಯಲ್ಲವೇ? ಬರಿಯ ಗಿರಾಕಿಯೇ?

ಹಣ ಕೊಟ್ಟು ಪಡೆದ ಆತಿಥ್ಯ ಆತಿಥ್ಯವೇ ಅಲ್ಲ, ಅದು ವ್ಯಾಪಾರ ಎನ್ನುವವರಿದ್ದಾರೆ. ಹಳೆಯ ಧರ್ಮಛತ್ರಗಳನ್ನೂ ಅರವಟ್ಟಿಗೆಗಳನ್ನೂ ನೆನೆದು ನಿಟ್ಟುಸಿರಿಡುವವರೂ ಇದ್ದಾರೆ. ಆ ನಿಟ್ಟುಸಿರಿನಲ್ಲಿ ನಾನು ಪೂರ್ತಿಯಾಗಿ ಪಾಲುಗೊಳ್ಳಲಾರೆ. ಧರ್ಮಕ್ಕೆ ಕೊಟ್ಟ ಊಟದ ಎಲೆಯ ಮುಂದೆ ಕೂರುವ ಮೊದಲು ‘ನೀನು ಯಾರ ಪೈಕಿ’ ಎಂದು ಎಷ್ಟೋ ಕಡೆ ಕೇಳುತ್ತಿದ್ದರು. ಉತ್ತರವನ್ನು ನೋಡಿ ಪಂಕ್ತಿ ನಿರ್ಧಾರವಾಗುತ್ತಿತ್ತು. ಬಾಡಿಗೆಯ ಕೋಣೆ ಆ ಪ್ರಶ್ನೆಯನ್ನು ಕೇಳಬೇಕಾಗಿಲ್ಲ. ಕೂಲಿಯವನಾದರೂ ಬಾಡಿಗೆ ತೆತ್ತು ತಲೆಯೆತ್ತಿ ಒಳಗೆ ಹೋಗಬಹುದು. ಯಾರ ದಯೆಗೂ ಕೈಮುಗಿಯದೆ ಒಂದು ರಾತ್ರಿ ಮಲಗುವ ಸ್ವಾತಂತ್ರ್ಯವನ್ನು ಹಣ ಬಡವನಿಗೆ ಕೊಟ್ಟಿತು. ಇದು ಸಣ್ಣ ಸಂಗತಿಯಲ್ಲ. ಬೆಲೆಗೆ ಅದರದೇ ಆದ ಘನತೆಯಿದೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಹಣವೊಂದೇ ಬಾಗಿಲು ತೆರೆಯುವುದೇ? ಡಾ. ಅಂಬೇಡ್ಕರರು 1930ರ ದಶಕದಲ್ಲಿ ಬರೆದ ತಮ್ಮ ನೆನಪುಗಳಲ್ಲಿ ಒಂದು ವಸತಿಗೃಹದ ಪ್ರಸಂಗವಿದೆ. ವಿದೇಶದಲ್ಲಿ ವ್ಯಾಸಂಗ ಮಾಡಿ ಹಿಂತಿರುಗಿ, 1917ರಲ್ಲಿ ಬರೋಡ ಸಂಸ್ಥಾನದ ಸೇವೆಗೆಂದು ಅವರು ಆ ಊರಿಗೆ ಬಂದರು. ಹಿಂದೂ ಹೋಟೆಲುಗಳು ತಮ್ಮನ್ನು ಸೇರಿಸಲಾರವೆಂದು ಅವರಿಗೆ ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ ಎಂಬುದು ನಿಯಮ. ಉಸ್ತುವಾರಿಯವನು ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಯುವುದಾದರೆ ಇರಬಹುದೆಂದ. ದಿನಕ್ಕೆ ಒಂದೂವರೆ ರೂಪಾಯಿ. ಹಳೆಯ ಸಾಮಾನು ತುಂಬಿದ ಮೇಲಂತಸ್ತಿನಲ್ಲಿ ಒಬ್ಬರೇ ದಿನ ಕಳೆದರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ದೊಣ್ಣೆ ಹಿಡಿದು ಮೆಟ್ಟಿಲೇರಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದರು.

ಬಾಡಿಗೆ ಬಾಕಿಯಿರಲಿಲ್ಲ ಎಂಬುದನ್ನು ಗಮನಿಸಿ. ಅಂದು ಅವರು ಇಬ್ಬರು ಗೆಳೆಯರ ಬಳಿಗೆ ಹೋದರು. ಒಬ್ಬರು ಹಿಂದೂ, ‘ನೀವು ಬಂದರೆ ನನ್ನ ಆಳುಗಳು ಬಿಟ್ಟು ಹೋಗುತ್ತಾರೆ’ ಎಂಬರ್ಥದ ಮಾತು ಅವರ ಬಾಯಿಂದ ಬಂತು. ಇನ್ನೊಬ್ಬರು ಭಾರತೀಯ ಕ್ರೈಸ್ತರು. ಮಡದಿ ನಾಳೆ ಊರಿಗೆ ಬರುತ್ತಾಳೆ, ಆಕೆಯನ್ನು ಕೇಳಿ ಹೇಳಬೇಕು ಎಂದರು. ಮತಾಂತರದಿಂದ ಗಂಡನ ವಿಚಾರ ಉದಾರವಾಗಿದ್ದರೂ ಹೆಂಡತಿ ಹಳೆಯ ಆಚಾರವನ್ನು ಬಿಟ್ಟಿರಲಿಲ್ಲವೆಂದೂ, ಆ ಉತ್ತರ ನಯವಾದ ನಿರಾಕರಣೆಯಾಗಿತ್ತೆಂದೂ ತಮಗೆ ಆಮೇಲೆ ತಿಳಿಯಿತೆಂದು ಅಂಬೇಡ್ಕರರು ಬರೆಯುತ್ತಾರೆ. ಬರೋಡದ ಒಂದು ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ಅವರು ರಾತ್ರಿಯ ರೈಲು ಹಿಡಿದರು. ಕ್ರೈಸ್ತ ಕುಟುಂಬಗಳಾದ ನಾವು ಈ ಪುಟವನ್ನು ಮಗುಚಿಹಾಕಿ ಮುಂದೆ ಹೋಗುವಂತಿಲ್ಲ. ದೊಣ್ಣೆ ಹಿಡಿದವರು ಅನ್ಯರು ಎಂದು ಹೇಳಿಕೊಳ್ಳಬಹುದು. ನಯವಾಗಿ ಬಾಗಿಲು ಮುಚ್ಚಿದ ಮನೆಗಳಲ್ಲಿ ಒಂದು ನಮ್ಮದೇ.

ಮುಂದೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳಿಗೆ ಪ್ರವೇಶಿಸುವಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟೂರುಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ಸಂವಿಧಾನದಲ್ಲಿ ಹೋಟೆಲಿನ ಹೆಸರು ಬರಬೇಕಾಯಿತೆಂದರೆ ಅದರ ಹಿಂದೆ ಎಷ್ಟು ರಾತ್ರಿಗಳ ಅವಮಾನ ಇದ್ದಿರಬೇಕು! ಇಂದಿಗೂ ಹೆಸರನ್ನು ನೋಡಿದೊಡನೆ ‘ಕೋಣೆ ಖಾಲಿಯಿಲ್ಲ’ ಎನ್ನುವ ಮೇಜುಗಳು ಪೂರ್ತಿಯಾಗಿ ಇಲ್ಲವಾಗಿಲ್ಲ. ಹಾಗೆ ಹೇಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ.

ಹಾಗಾದರೆ ಕಾರ್ಕಳದಂತಹ ಊರಿನ ಸಣ್ಣ ಲಾಡ್ಜಿನವನು, ಮುಖಪರಿಚಯವೂ ಇಲ್ಲದ ನಮ್ಮನ್ನು ರಾತ್ರಿ ಹತ್ತು ಗಂಟೆಗೆ ಒಳಗೆ ಬರಗೊಡುವಾಗ ಎರಡು ವಸ್ತುಗಳನ್ನು ಕೊಡುತ್ತಾನೆ. ಒಂದು, ಕೋಣೆ, ಅದಕ್ಕೆ ಬೆಲೆಯುಂಟು, ಅದನ್ನು ನಾವು ತೆರುತ್ತೇವೆ. ಇನ್ನೊಂದು, ನಂಬಿಕೆ. ತನ್ನ ಸೂರಿನಡಿ, ತನ್ನ ಹೆಂಡತಿ ಮಕ್ಕಳು ಕೆಳಗೆ ಮಲಗಿರುವಾಗ, ಒಬ್ಬ ಅಪರಿಚಿತನನ್ನು ಮೇಲೆ ಮಲಗಗೊಡುವ ನಂಬಿಕೆ. ರಸೀತಿಯಲ್ಲಿ ಅದರ ಬಾಬ್ತು ಇರುವುದಿಲ್ಲ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯ 53ನೆಯ ಅಧ್ಯಾಯ ಅತಿಥಿಗಳ ಕುರಿತಾದದ್ದು. ಬಂದವರನ್ನೆಲ್ಲ ಕ್ರಿಸ್ತರನ್ನೇ ಎಂಬಂತೆ ಬರಮಾಡಿಕೊಳ್ಳಬೇಕೆಂಬುದು ಅದರ ಸಾರ. ಅದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಮಾತೊಂದು ಅಲ್ಲೇ ಇದೆ: ಬಡವರನ್ನೂ ಯಾತ್ರಿಕರನ್ನೂ ಹೆಚ್ಚಿನ ಕಾಳಜಿಯಿಂದ ನೋಡಿಕೊಳ್ಳಬೇಕು, ಏಕೆಂದರೆ ಶ್ರೀಮಂತನಿಗಾದರೋ ಅವನ ಬಗೆಗಿನ ಭಯವೇ ಮರ್ಯಾದೆಯನ್ನು ದೊರಕಿಸಿಕೊಡುತ್ತದೆ ಎಂದು ಅವರು ಹೇಳುತ್ತಾರೆ. ಎಂಥ ಲೋಕಜ್ಞಾನ! ದೊಡ್ಡ ಹೋಟೆಲಿನ ಬಾಗಿಲಿನಲ್ಲಿ ಸಲಾಮು ಹೊಡೆಸಿಕೊಂಡು ಒಳಗೆ ಹೋದವನು ಅದನ್ನು ಆತಿಥ್ಯವೆಂದು ತಿಳಿದರೆ ಪಾಪ, ಏನು ಮಾಡೋಣ.

ಈಗ ನಮ್ಮ ಧರ್ಮಕೇಂದ್ರಗಳ ಕ್ರಿಸ್‌ಮಸ್ ರೂಪಕಗಳನ್ನು ನೆನಪಿಗೆ ತಂದುಕೊಳ್ಳಿ. ತಲೆಗೆ ಟವಲು ಸುತ್ತಿದ, ಕಾಡಿಗೆಯ ಮೀಸೆ ಬರೆಸಿಕೊಂಡ ಹುಡುಗನೊಬ್ಬ ‘ಜಾಗವಿಲ್ಲ, ಹೋಗಿ!’ ಎಂದು ಜೋಸೆಫರನ್ನೂ ಮರಿಯಮ್ಮನವರನ್ನೂ ಗದರಿಸಿ ಕಳುಹಿಸುತ್ತಾನೆ. ಛತ್ರದ ಯಜಮಾನ! ಆದರೆ ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ ನೋಡಿ. ಅಲ್ಲಿ ಅಂತಹ ಯಜಮಾನನೇ ಇಲ್ಲ. ಅವನು ನಮ್ಮ ನಾಟಕಗಳು ಹುಟ್ಟಿಸಿದ ಕೂಸು. ಛತ್ರವೆಂದು ನಾವು ಓದುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ ‘ಕತಾಲುಮ’. ಪ್ರಭುವಿನ ಕಡೆಯ ಭೋಜನಕ್ಕೆ ಅಣಿಗೊಳಿಸಿದ ಕೊಠಡಿಗೂ ಲೂಕರು ಇದೇ ಪದವನ್ನು ಬಳಸುತ್ತಾರೆ. ಆದುದರಿಂದ ಅದು ಬಾಡಿಗೆಯ ಛತ್ರವಾಗಿರದೆ ಯಾರದೋ ಮನೆಯ ಅತಿಥಿಕೋಣೆಯಾಗಿದ್ದಿರಬಹುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಅಂದು ಸ್ಥಳವಿಲ್ಲದೆ ಹೋದದ್ದು ಲಾಡ್ಜಿನಲ್ಲಲ್ಲ, ಮನೆಯಲ್ಲಿ!

ನಿಜವಾದ ವಸತಿಗೃಹದ ಯಜಮಾನ ಕಾಣಿಸಿಕೊಳ್ಳುವುದು ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ಸತ್ಪುರುಷ ಸಮಾರಿಯದವನ ಸಾಮತಿಯಲ್ಲಿ. ಅಲ್ಲಿ ಲೂಕರು ಬೇರೆ ಪದವನ್ನು ಬಳಸುತ್ತಾರೆ: ‘ಪಾಂದೊಖೆಯುಸ್’. ಬಿಡಿಸಿ ಹೇಳಿದರೆ, ಎಲ್ಲರನ್ನೂ ಬರಮಾಡಿಕೊಳ್ಳುವವನು. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಬಿದ್ದವನನ್ನು ಸಮಾರಿಯದವನು ತನ್ನ ವಾಹನದ ಮೇಲೆ ಹೇರಿಕೊಂಡು ಇವನ ಬಾಗಿಲಿಗೆ ತರುತ್ತಾನೆ. ಆ ಕಾಲದಲ್ಲಿ ವಸತಿಗೃಹ ನಡೆಸುವವರಿಗೆ ಒಳ್ಳೆಯ ಹೆಸರಿರಲಿಲ್ಲ. ಅತಿಥಿಯ ಸೊತ್ತಿಗೆ ಯಜಮಾನನೇ ಹೊಣೆಯೆಂಬ ಕಟ್ಟುನಿಟ್ಟಾದ ನಿಯಮ ರೋಮನ್ ಕಾನೂನಿನಲ್ಲಿದ್ದುದಕ್ಕೆ ಕಾರಣ, ಅವರು ಕಳ್ಳರೊಡನೆ ಶಾಮೀಲಾಗಬಹುದೆಂಬ ಸಂಶಯವೇ. ಅಂಥವನ ಕೈಗೆ ಸಮಾರಿಯದವನು ಎರಡು ದಿನಾರಿಗಳನ್ನಿತ್ತು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ಹೊರಟುಬಿಡುತ್ತಾನೆ.

ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯ ಲೆಕ್ಕದಲ್ಲಿ ಎರಡು ದಿನಾರಿ ಎಂದರೆ ಎರಡು ದಿನದ ಕೂಲಿ. ಮೈಯೆಲ್ಲ ಗಾಯವಾದವನೊಬ್ಬ ಚೇತರಿಸಿಕೊಳ್ಳಲು ಅದು ಸಾಲುವುದೇ? ಉಳಿದುದಕ್ಕೆ ಒಬ್ಬ ದಾರಿಹೋಕನ ಬಾಯಿಮಾತೇ ಆಧಾರ. ಅದೂ ಯೆಹೂದ್ಯರು ಹೀನಾಯವಾಗಿ ಕಾಣುತ್ತಿದ್ದ ಸಮಾರಿಯದವನ ಮಾತು. ಯಜಮಾನ ಒತ್ತೆ ಕೇಳಿದನೆಂದು ಬರೆದಿಲ್ಲ, ಚೌಕಾಶಿ ಮಾಡಿದನೆಂದೂ ಬರೆದಿಲ್ಲ. ರಾತ್ರಿ ನರಳಿದವನಿಗೆ ನೀರು ಕೊಟ್ಟವರು, ಮರುದಿನ ಗಾಯದ ಬಟ್ಟೆ ಬದಲಾಯಿಸಿದವರು ಯಾರು? ಸಮಾರಿಯದವನಂತೂ ಆಗ ದಾರಿಯಲ್ಲಿದ್ದ. ಸಂತ ಅಗಸ್ತೀನರಂಥ ಪಿತಾಮಹರು ಈ ವಸತಿಗೃಹದಲ್ಲಿ ಧರ್ಮಸಭೆಯನ್ನೇ ಕಂಡರು. ಆ ವ್ಯಾಖ್ಯಾನ ದೊಡ್ಡದು. ನನಗಾದರೋ ಅವನು ಲಾಡ್ಜಿನವನಾಗಿಯೇ ಇಷ್ಟ: ಬೆಳಿಗ್ಗೆ ಲೆಕ್ಕ ಬರೆಯುವ, ಆದರೆ ಲೆಕ್ಕ ಮುಗಿದಲ್ಲಿಗೆ ಕೈ ಎತ್ತದ ಮನುಷ್ಯ.

ಈ ಸಾಮತಿಯಲ್ಲಿ ಹಣ ಸಂಬಂಧವನ್ನು ಕಡಿಯುವುದಿಲ್ಲ ಎಂಬುದು ನಮ್ಮ ಪ್ರಶ್ನೆಗೆ ಬೇಕಾದ ಅಂಶ. ಕೊಟ್ಟೆ, ಮುಗಿಯಿತು ಎನ್ನುವ ಬದಲು ‘ಕೊಟ್ಟಿದ್ದೇನೆ, ಮತ್ತೆ ಬರುತ್ತೇನೆ’ ಎನ್ನುತ್ತಾನೆ ಸಮಾರಿಯದವನು. ಹಣದ ವ್ಯವಹಾರವೂ ಋಣವನ್ನು ಒಪ್ಪಿಕೊಳ್ಳುವ ಬಗೆಯಾಗಬಲ್ಲದು.

ಈ ಕಣ್ಣಿನಿಂದ ಮತ್ತೆ ಕೆರೆಯ ದಂಡೆಯ ಲಾಡ್ಜಿಗೆ ಬನ್ನಿ. ಕಾರ್ಕಳದ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಮುರಕಲ್ಲಿನ ಈ ನೆಲ ನೀರನ್ನು ಹಿಡಿದಿಡುವುದು ಕಡಿಮೆ. ಏಪ್ರಿಲ್, ಮೇ ಬಂತೆಂದರೆ ಕರಾವಳಿಯ ಎಷ್ಟೋ ಬಾವಿಗಳಲ್ಲಿ ಕೊಡ ಮುಳುಗುವುದಿಲ್ಲ. ಕಿಟಕಿಯಲ್ಲಿ ಕೆರೆ ತುಂಬಿ ತೋರುವಾಗ ನಲ್ಲಿಯ ನೀರಿಗೇನು ಬರ ಎಂದು ನಾವು ಬಕೆಟ್ಟು ತುಂಬಿ ಹರಿಯಬಿಡುತ್ತೇವೆ. ಮನೆಯಲ್ಲಿ ದೀಪ ಆರಿಸಲು ಮಕ್ಕಳನ್ನು ಗದರಿಸುವ ತಂದೆ, ಲಾಡ್ಜಿನ ಕೋಣೆಯಲ್ಲಿ ಪಂಖ ತಿರುಗುತ್ತಿರುವಂತೆಯೇ ಬೀಗ ಹಾಕಿ ಜಾತ್ರೆಗೆ ಹೋಗುತ್ತಾನೆ. ‘ದುಡ್ಡು ಕೊಟ್ಟಿಲ್ಲವೇ?’ ಮಕ್ಕಳು ಅದನ್ನೂ ಕಲಿಯುತ್ತಾರೆ. ತಾನು ಯಾರೆಂದು ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ, ತೊಟ್ಟವನನ್ನು ಅದೃಶ್ಯನನ್ನಾಗಿಸುವ ಒಂದು ಉಂಗುರದ ಕಥೆಯ ಮೂಲಕ ಕೇಳಿದ. ನಮಗೆ ಅಂಥ ಉಂಗುರವೇಕೆ, ಪರ ಊರಿನ ಲಾಡ್ಜಿನ ಬೀಗದ ಕೈ ಸಾಕು.

ಇನ್ನು ಕೋಣೆ ಗುಡಿಸುವ ಹುಡುಗ. ಒಂದು ಕಾಲಕ್ಕೆ ಇದೇ ಸೀಮೆಯ ಹುಡುಗರು ಮುಂಬಯಿಗೆ ಹೋಗಿ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳುಹಿಸುತ್ತಿದ್ದರು. ನಿಮ್ಮ ಕುಟುಂಬದಲ್ಲಿಯೂ ಅಂತಹ ಒಬ್ಬ ಅಜ್ಜ, ಒಬ್ಬ ದೊಡ್ಡಪ್ಪ ಇದ್ದಾರು. ‘ಏ ಮಾಣಿ’ ಎಂದು ಯಾರೋ ಕೂಗಿದಾಗ ಓಡಿ ಹೋದದ್ದನ್ನು ಅವರು ಮುಪ್ಪಿನಲ್ಲಿಯೂ ಮರೆತಿರಲಾರರು. ಇಂದು ಕರಾವಳಿಯ ಲಾಡ್ಜುಗಳಲ್ಲಿ ಹಾಸಿಗೆ ಹೊದಿಕೆ ಬದಲಾಯಿಸುವವರು ಒಡಿಶಾದಿಂದ, ಬಂಗಾಳದಿಂದ, ನೇಪಾಳದಿಂದ, ನಮ್ಮದೇ ಉತ್ತರ ಕರ್ನಾಟಕದಿಂದ ಬಂದವರು. ಅವರೇ ನಿಜವಾದ ಪರದೇಶಿಗಳು. ನಾವು ಎರಡು ದಿನಕ್ಕೆ ಬಂದವರು, ಅವರು ವರ್ಷಗಟ್ಟಲೆ ಮನೆ ಬಿಟ್ಟು ಬಂದವರು. ಯಾರು ಯಾರಿಗೆ ಆತಿಥೇಯ? ಬಂದವನನ್ನೂ ಬರಮಾಡಿಕೊಂಡವನನ್ನೂ ಒಂದೇ ಪದದಿಂದ ಕರೆಯುವ ಲ್ಯಾಟಿನ್ ಭಾಷೆಯ ‘ಹೋಸ್ಪೆಸ್’ ಎಂಬ ಮಾತಿನಿಂದಲೇ ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಎಂಬ ಪದಗಳೆಲ್ಲ ಹುಟ್ಟಿದವು. ಹೊರಡುವಾಗ ಹತ್ತೋ ಐವತ್ತೋ ಕೈಗೆ ತುರುಕುವುದು ಒಳ್ಳೆಯದೇ, ಬೇಡವೆನ್ನಲಾರೆ. ಅದಕ್ಕೂ ಮೊದಲು ‘ತಮ್ಮಾ, ನಿನ್ನ ಹೆಸರೇನು, ಊಟವಾಯಿತೇ’ ಎಂದು ಕೇಳಲು ಖರ್ಚೇನೂ ಇಲ್ಲ.

ಮನೆಯ ಮಾತಿಗೆ ಬರೋಣ. ಮೊದಲು ಹಬ್ಬಕ್ಕೆ ಬಂದ ನೆಂಟರಿಗೆಲ್ಲ ಜಗಲಿಯ ಮೇಲೆ ಚಾಪೆ ಬೀಳುತ್ತಿತ್ತು. ಈಗ ‘ಪೇಟೆಯಲ್ಲಿ ಒಳ್ಳೆಯ ಲಾಡ್ಜ್ ಇದೆ, ನಿಮಗೂ ಅನುಕೂಲ’ ಎನ್ನುತ್ತೇವೆ. ಇದು ಪಾಪವೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಪಾಪವೆಂದು ನಾನು ಹೇಳಲಾರೆ. ಹಳೆಯ ಆತಿಥ್ಯವನ್ನು ಹೊಗಳುವವರು ಸಾಮಾನ್ಯವಾಗಿ ಊಟಕ್ಕೆ ಕುಳಿತವರು. ಇಪ್ಪತ್ತು ಮಂದಿಗೆ ಅಕ್ಕಿ ರುಬ್ಬಿ, ಹೊಗೆಯಲ್ಲಿ ಕಣ್ಣೊರೆಸಿಕೊಂಡು, ಕೊನೆಗೆ ತಳದ ಗಂಜಿ ಉಂಡ ಹೆಂಗಸರನ್ನು ಕೇಳಿ ನೋಡಬೇಕು. ಸಮಾರಿಯದವನು ಕೂಡ ಗಾಯಾಳುವನ್ನು ತನ್ನ ಮನೆಗೆ ಕರೆದೊಯ್ಯಲಿಲ್ಲ, ಲಾಡ್ಜಿಗೇ ಒಯ್ದ. ಆದರೆ ಆ ರಾತ್ರಿ ತಾನೂ ಅಲ್ಲಿದ್ದು ಆರೈಕೆ ಮಾಡಿದ, ಹಣ ತಾನು ತೆತ್ತ, ಮತ್ತೆ ಬರುವೆನೆಂದ. ಜಾಗವಿಲ್ಲದ ಮನೆಯವರು ಜನವರಿಯ ಜಾತ್ರೆಗೆ ಬಡ ನೆಂಟನೊಬ್ಬ ಬಂದಾಗ ಕೋಣೆ ಹಿಡಿದು, ಬಾಡಿಗೆ ತಾವೇ ಕೊಟ್ಟು, ಬೆಳಿಗ್ಗೆ ಬನ್ಸ್ ಕಟ್ಟಿಕೊಂಡು ಅವನನ್ನು ಕಾಣಲು ಹೋದರೆ, ಅದಕ್ಕೆ ಯಾರು ಏನು ಹೆಸರಿಟ್ಟರೂ ಸರಿಯೇ.

ಬರೋಡದ ಆ ಗೆಳೆಯರ ಉತ್ತರ ಮಾತ್ರ ನನ್ನನ್ನು ಬಿಡುವುದಿಲ್ಲ. ‘ಮನೆಯವರನ್ನು ಕೇಳಿ ಹೇಳುತ್ತೇನೆ.’ ಕೇಳಬೇಕಾದದ್ದೇ, ಒಲೆಯ ಮುಂದೆ ನಿಲ್ಲುವವರನ್ನು ಕೇಳದೆ ಅತಿಥಿಯನ್ನು ಕರೆತರುವುದು ನ್ಯಾಯವಲ್ಲ. ಆದರೆ ನಮ್ಮ ಮನೆಗೆ ಮೇಲಧಿಕಾರಿಯೊಬ್ಬರು ಬರುವುದಾದಾಗ ನಾವು ಯಾರನ್ನೂ ಕೇಳಲಿಲ್ಲ, ಒಪ್ಪಿಕೊಂಡ ಮೇಲೆ ತಿಳಿಸಿದೆವು. ಕೇಳಿ ಹೇಳುತ್ತೇನೆ ಎಂದದ್ದು ಯಾವ ಯಾವ ಅತಿಥಿಗಳಿಗೆ? ಆ ಹೆಸರುಗಳನ್ನು ಇಂದು ರಾತ್ರಿಯ ಊಟದ ಹೊತ್ತಿಗೆ ಮನೆಯವರೆಲ್ಲ ಕುಳಿತು ಒಮ್ಮೆ ನೆನಪು ಮಾಡಿಕೊಳ್ಳಬಹುದು.